ಪಟ್ಟೆ ಬಿಚ್ಚಿದ ತೋಳು: ಪೊಲೀಸರ ಹಿಂಬಡ್ತಿ ಮತ್ತು ನ್ಯಾಯಾಲಯ

(ಮಂಡ್ಯದಲ್ಲಿ ಒಂದು ಭಾನುವಾರ ಸಂಜೆ ನಿವೃತ್ತ ಪೊಲೀಸರು, ಅವರ ಮನೆಯವರು ಮತ್ತು ಒಂದಷ್ಟು ಕಾನೂನು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಖಾಕಿ ಬಟ್ಟೆ ಬಿಸಿಲಿಗೆ ಎಷ್ಟು ಬಣ್ಣ ಬಿಡುತ್ತದೆ ಎಂಬುದು ನನಗೆ ತಿಳಿದದ್ದು ಒಬ್ಬ ಕಕ್ಷಿದಾರರ ಅಂಗಿ ನೋಡಿದ ಮೇಲೆ. ಹೆಡ್ ಕಾನ್‌ಸ್ಟೆಬಲ್ ಆಗಿದ್ದವರನ್ನು ಮೂರು ವರ್ಷಗಳ ಮಟ್ಟಿಗೆ ಕಾನ್‌ಸ್ಟೆಬಲ್ ಹುದ್ದೆಗೆ ಇಳಿಸಿದ್ದರು. ಡ್ಯೂಟಿ ಮುಗಿಸಿ ನೇರವಾಗಿ ನನ್ನ ಕಚೇರಿಗೆ ಬಂದಿದ್ದರು. ತೋಳಿನ ಮೇಲೆ ಮೂರು ಪಟ್ಟೆಗಳಿದ್ದ ಜಾಗದಲ್ಲಿ, ಪಟ್ಟೆಗಳ ಆಕಾರದಲ್ಲಿಯೇ, ಬಟ್ಟೆ ಹೊಸದರಂತೆ ಗಾಢವಾಗಿತ್ತು. ಸುತ್ತ ಎಲ್ಲ ಮಾಸಲು. ಹೊಲಿಗೆ ಬಿಚ್ಚಿದ ಸೂಜಿತೂತುಗಳು ಸಾಲಾಗಿ ಕಾಣುತ್ತಿದ್ದವು. ಬೇರೆ ಅಂಗಿ ಹೊಲಿಸಬಾರದೇ ಎಂದು ಕೇಳಿದೆ. ‘ಮೂರು ವರ್ಷ ತಾನೇ ಸಾರ್, ಮತ್ತೆ ಇಲ್ಲೇ ಹೊಲಿಸಬೇಕಲ್ಲ’ ಎಂದರು.

ಈ ದಿನದ ಮಾತಿಗೆ ಅವರ ಪ್ರಕರಣವನ್ನೇ ಹಿಡಿದುಕೊಳ್ಳುತ್ತೇನೆ. ಅವರ ಹೆಸರು, ಠಾಣೆ, ಆದೇಶ ಮಾಡಿದ ಅಧಿಕಾರಿ ಯಾವುದೂ ಬೇಡ. ಇಲ್ಲಿ ಕುಳಿತಿರುವ ಹಿರಿಯರಲ್ಲಿ ನಾಲ್ಕು ಜನರಿಗಾದರೂ ಇಂಥದೊಂದು ಕಥೆ ಇರುತ್ತದೆ.

ನಡೆದದ್ದು ಮೈಸೂರಿನಲ್ಲಿ, ಜಂಬೂಸವಾರಿಯ ದಿನ. ದಸರಾ ಬಂದೋಬಸ್ತಿಗೆ ಮಂಡ್ಯದಿಂದ ಹೋದವರಿಗೆ ಕಲ್ಯಾಣ ಮಂಟಪದಲ್ಲಿ ಚಾಪೆ, ಬೆಳಗ್ಗೆ ಐದಕ್ಕೆ ಹಾಜರಿ, ಆಮೇಲೆ ಸಯ್ಯಾಜಿರಾವ್ ರಸ್ತೆಯಲ್ಲಿ ಒಂದು ಪಾಯಿಂಟ್. ಪಾಯಿಂಟ್ ಎಂದರೆ ಗೊತ್ತಲ್ಲ, ಹಗ್ಗ ಹಿಡಿದು ನಿಲ್ಲುವುದು. ಆನೆ ಹೋಗುವತನಕ ಜನ ಹಿಂದಿನಿಂದ ನೂಕುತ್ತಾರೆ, ಮೇಲಿನವರು ಮುಂದಿನಿಂದ ಗದರುತ್ತಾರೆ. ಮಧ್ಯಾಹ್ನ ಪಕ್ಕದಲ್ಲಿದ್ದ ಹುಡುಗ ಕಾನ್‌ಸ್ಟೆಬಲ್ ತಲೆ ಸುತ್ತಿ ಬಿದ್ದ. ನನ್ನ ಕಕ್ಷಿದಾರರು ಅವನನ್ನು ಎತ್ತಿಕೊಂಡು ಜನರ ನಡುವೆ ದಾರಿ ಮಾಡಿಕೊಂಡು ಆಂಬುಲೆನ್ಸ್‌ವರೆಗೆ ಒಯ್ದರು. ವಾಪಸ್ ಬರುವಷ್ಟರಲ್ಲಿ ಐವತ್ತು ನಿಮಿಷ ಆಗಿತ್ತು. ಆ ಐವತ್ತು ನಿಮಿಷದೊಳಗೆ ಪಾಯಿಂಟ್ ತಪಾಸಣೆ ಬಂದು ಹೋಗಿತ್ತು. ‘ಗೈರು’ ಎಂದು ವರದಿ ಆಯಿತು.

ಇಲ್ಲಿಗೆ ನಿಂತಿದ್ದರೆ ಒಂದು ಮೆಮೊ, ಒಂದು ಉತ್ತರ, ಮುಗಿದುಹೋಗುತ್ತಿತ್ತು. ಆದರೆ ಮೆಮೊಗೆ ಇವರು ಕೊಟ್ಟ ಉತ್ತರದಲ್ಲಿ ಜೀಪಿನಲ್ಲಿ ಕುಳಿತು ಪಾಯಿಂಟ್ ನೋಡುವವರ ಬಗ್ಗೆ ಒಂದು ವಾಕ್ಯವಿತ್ತು. ಬರೆಯಬಾರದಾಗಿತ್ತು. ಅದನ್ನು ನಾನು ಅವರಿಗೂ ಹೇಳಿದ್ದೇನೆ. ಆ ಒಂದು ವಾಕ್ಯದಿಂದ ಗೈರುಹಾಜರಿಯ ಜೊತೆಗೆ ಅವಿಧೇಯತೆಯ ಆರೋಪವೂ ಸೇರಿಕೊಂಡಿತು. ಡಿಇ, ಅಂದರೆ ಇಲಾಖಾ ವಿಚಾರಣೆ, ಶುರುವಾಯಿತು.

ಈಗ ಕಾನೂನಿಗೆ ಬರೋಣ. ಸಂವಿಧಾನದ 310ನೇ ವಿಧಿ ಓದಿದರೆ ಸರ್ಕಾರಿ ನೌಕರ ಗಾಬರಿ ಬೀಳಬೇಕು: ರಾಷ್ಟ್ರಪತಿಯ ಅಥವಾ ರಾಜ್ಯಪಾಲರ ಇಚ್ಛೆ ಇರುವತನಕ ಮಾತ್ರ ನೌಕರಿ. ಪಕ್ಕದಲ್ಲೇ ಇರುವ 311 ಆ ಇಚ್ಛೆಗೆ ಮೂಗುದಾರ ಹಾಕುತ್ತದೆ. ವಜಾ ಮಾಡುವುದಾಗಲಿ, ಸೇವೆಯಿಂದ ತೆಗೆದುಹಾಕುವುದಾಗಲಿ, ದರ್ಜೆ ಇಳಿಸುವುದಾಗಲಿ, ಆರೋಪ ತಿಳಿಸಿ, ವಿಚಾರಣೆ ನಡೆಸಿ, ಉತ್ತರ ಹೇಳಲು ತಕ್ಕ ಅವಕಾಶ ಕೊಡದೆ ಮಾಡುವಂತಿಲ್ಲ. ಗಮನಿಸಿ: ಹಿಂಬಡ್ತಿಯನ್ನು ಸಂವಿಧಾನವೇ ಹೆಸರು ಹಿಡಿದು ಹೇಳಿದೆ, ವಜಾ ಮಾಡುವ ಸಾಲಿನಲ್ಲಿಯೇ ಕೂರಿಸಿದೆ. ಇನ್‌ಕ್ರಿಮೆಂಟ್ ತಡೆಯುವುದು, ವಾಗ್ದಂಡನೆ ಇವಕ್ಕೆ ಆ ಗೌರವವಿಲ್ಲ. ಇನ್ನೊಂದು ಸೂಕ್ಷ್ಮ: ನೇಮಕ ಮಾಡಿದವರಿಗಿಂತ ಕೆಳಗಿನ ಅಧಿಕಾರಿ ಆದೇಶ ಮಾಡಬಾರದೆಂಬ 311(1)ರ ರಕ್ಷಣೆ ವಜಾ ಮತ್ತು ತೆಗೆದುಹಾಕುವಿಕೆಗೆ ಮಾತ್ರ. ಹಿಂಬಡ್ತಿಗೆ ಅದು ಸಿಗುವುದಿಲ್ಲ. ಯಾರು ಇಳಿಸಬಹುದು ಎಂಬುದನ್ನು ನಿಯಮಗಳಲ್ಲೇ ಹುಡುಕಬೇಕು.

ಬೇರೆ ಇಲಾಖೆಗಳ ರಾಜ್ಯ ಸರ್ಕಾರಿ ನೌಕರರಿಗೆ 1957ರ ಸಿಸಿಎ, ಅಂದರೆ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳಿವೆ. ಪೊಲೀಸರಿಗೆ ಪ್ರತ್ಯೇಕವಾಗಿ 1965ರ ಶಿಸ್ತು ನಡಾವಳಿ ನಿಯಮಗಳಿವೆ. ಎರಡನ್ನೂ ಬೆರೆಸಿ ಬರೆದ ಆರೋಪ ಪಟ್ಟಿಗಳನ್ನು ನಾನು ನೋಡಿದ್ದೇನೆ. ಮಾದರಿ ನಮೂನೆಯಲ್ಲಿ ಹೆಸರು ಮಾತ್ರ ಬದಲಾಯಿಸಿ ಟೈಪು ಮಾಡಿದ್ದು ಎದ್ದು ಕಾಣುತ್ತದೆ. ಒಂದರಲ್ಲಂತೂ ಎರಡನೇ ಪುಟದಲ್ಲಿ ಹಿಂದಿನ ಆರೋಪಿಯ ಹೆಸರು ಹಾಗೆಯೇ ಉಳಿದಿತ್ತು.

ಹಾಗಾದರೆ ಈ ವಿಚಾರಣೆಯ ಮೇಲೆ ನ್ಯಾಯಾಲಯ ಏನು ನೋಡುತ್ತದೆ? ಕಚೇರಿಗೆ ಬರುವ ಪ್ರತಿಯೊಬ್ಬರೂ ಮೊದಲು ಹೇಳುವ ಮಾತು ಒಂದೇ: ‘ನಾನು ತಪ್ಪು ಮಾಡಿಲ್ಲ, ನ್ಯಾಯಾಧೀಶರಿಗೆ ಹೇಳಿ.’ ಅದನ್ನು ನ್ಯಾಯಾಲಯ ಕೇಳುವುದೇ ಇಲ್ಲ. ಕಹಿ ಮಾತು, ಆದರೆ ಮೊದಲೇ ನುಂಗಿಕೊಂಡರೆ ಒಳ್ಳೆಯದು. 1963ರಲ್ಲಿ ಆಂಧ್ರದ ಒಬ್ಬ ಸಬ್ ಇನ್‌ಸ್ಪೆಕ್ಟರ್ ಪ್ರಕರಣದಲ್ಲಿ, ಶ್ರೀರಾಮರಾವ್ ಪ್ರಕರಣವೆಂದೇ ಅದು ಪ್ರಸಿದ್ಧ, ಸುಪ್ರೀಂ ಕೋರ್ಟ್ ಗೆರೆ ಎಳೆಯಿತು: ಇಲಾಖಾ ವಿಚಾರಣೆಯ ಮೇಲೆ ಹೈಕೋರ್ಟ್ ಮೇಲ್ಮನವಿ ನ್ಯಾಯಾಲಯವಲ್ಲ. ಒಂದಿಷ್ಟಾದರೂ ಸಾಕ್ಷ್ಯವಿದ್ದರೆ ಅದು ಸಾಕೇ ಸಾಲದೇ ಎಂದು ತೂಗುವುದು ಅದರ ಕೆಲಸವಲ್ಲ. ಅಪರಾಧ ನ್ಯಾಯಾಲಯದಲ್ಲಿ ಬೇಕಾದಂತೆ ಸಂಶಯಕ್ಕೆಡೆಯಿಲ್ಲದ ರುಜುವಾತು ಇಲ್ಲಿ ಬೇಕಿಲ್ಲ. ಹೀಗೆ ನಡೆದಿರುವ ಸಂಭವ ಹೆಚ್ಚು ಎಂದು ಕಂಡರೆ ಸಾಕು.

ಆದ್ದರಿಂದಲೇ ‘ಕೋರ್ಟಿನಲ್ಲಿ ಖುಲಾಸೆ ಆಯಿತು, ಇಲಾಖೆಯವರು ಹೇಗೆ ಶಿಕ್ಷೆ ಕೊಟ್ಟರು’ ಎಂಬ ವಾದ ಎಲ್ಲ ಕಡೆ ನಡೆಯುವುದಿಲ್ಲ. 2022ರಲ್ಲಿ ನಮ್ಮದೇ ರಾಜ್ಯದ ಗ್ರಾಮ ಲೆಕ್ಕಿಗರೊಬ್ಬರ ಲಂಚದ ಪ್ರಕರಣದಲ್ಲಿ ಅಪರಾಧ ನ್ಯಾಯಾಲಯ ಬಿಡುಗಡೆ ಮಾಡಿದ್ದರೂ ಇಲಾಖೆ ಕಡ್ಡಾಯ ನಿವೃತ್ತಿ ಕೊಟ್ಟಿತ್ತು. ಹೈಕೋರ್ಟ್ ಅದನ್ನು ರದ್ದು ಮಾಡಿದರೆ ಸುಪ್ರೀಂ ಕೋರ್ಟ್ ಮತ್ತೆ ಊರ್ಜಿತಗೊಳಿಸಿತು.

ನ್ಯಾಯಾಲಯ ನೋಡುವುದು ತೀರ್ಮಾನವನ್ನಲ್ಲ, ತೀರ್ಮಾನಕ್ಕೆ ಬಂದ ದಾರಿಯನ್ನು. ಈ ಮಾತನ್ನು ನಮ್ಮ ತೀರ್ಪುಗಳು ಬ್ರಿಟನ್ನಿನ ಒಬ್ಬ ಪೊಲೀಸ್ ಹುಡುಗನ ಪ್ರಕರಣದಿಂದ ಎತ್ತಿಕೊಂಡಿವೆ. ಎವಾನ್ಸ್ ಎಂಬಾತ ನಾರ್ತ್ ವೇಲ್ಸ್ ಪೊಲೀಸಿನಲ್ಲಿ ಪ್ರೊಬೇಷನರಿ ಕಾನ್‌ಸ್ಟೆಬಲ್. ತನಗಿಂತ ತುಂಬ ದೊಡ್ಡ ವಯಸ್ಸಿನ ಹೆಂಗಸನ್ನು ಮದುವೆಯಾಗಿದ್ದಾನೆ, ಸರ್ಕಾರಿ ಮನೆಯಲ್ಲಿ ಒಂದು ನಾಯಿಗೆ ಅನುಮತಿಯಿದ್ದರೆ ನಾಲ್ಕು ಸಾಕಿದ್ದಾನೆ, ಹಿಪ್ಪಿಗಳ ಹಾಗೆ ಬದುಕುತ್ತಾನೆ ಎಂದೆಲ್ಲ ದೂರು. ಅವನಿಗೆ ಏನನ್ನೂ ಕೇಳದೆ ‘ರಾಜೀನಾಮೆ ಕೊಡು, ಇಲ್ಲವೇ ತೆಗೆಯುತ್ತೇನೆ’ ಎಂದರು ಮುಖ್ಯಾಧಿಕಾರಿ. 1982ರಲ್ಲಿ ಹೌಸ್ ಆಫ್ ಲಾರ್ಡ್ಸ್, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯ, ಅದು ಕಾನೂನುಬಾಹಿರ ಎಂದಿತು. ಎಂದರೂ ಅವನನ್ನು ವಾಪಸ್ ಕೆಲಸಕ್ಕೆ ತೆಗೆದುಕೊಳ್ಳಿ ಎಂದು ಆದೇಶಿಸಲಿಲ್ಲ. ನೌಕರಿ ಬಿಟ್ಟು ಉಳಿದ ಹಕ್ಕುಗಳನ್ನೆಲ್ಲ ಕೊಟ್ಟಿತು. ಅದಕ್ಕೂ ಮೊದಲು, 1958ರಲ್ಲಿ, ಬ್ರೈಟನ್ ನಗರದ ಪೊಲೀಸ್ ಮುಖ್ಯಸ್ಥ ರಿಡ್ಜ್ ಅವರನ್ನು ಅಲ್ಲಿನ ಸಮಿತಿ ಒಂದು ಮಾತೂ ಕೇಳದೆ ವಜಾ ಮಾಡಿತ್ತು. 1963ರಲ್ಲಿ ಅದೂ ಅಸಿಂಧುವಾಯಿತು. ‘ಇನ್ನೊಬ್ಬರ ಮಾತನ್ನೂ ಕೇಳು’ ಎಂಬ ನಮ್ಮ ಹಳ್ಳಿ ಪಂಚಾಯಿತಿ ಕಟ್ಟೆಯ ನಿಯಮವನ್ನು ಆಡಳಿತ ಕಾನೂನಿನಲ್ಲಿ ಗಟ್ಟಿಯಾಗಿ ಕೂರಿಸಿದ ಎರಡು ದೊಡ್ಡ ಪ್ರಕರಣಗಳೂ ಪೊಲೀಸರವೇ. ಊರಿಗೆಲ್ಲ ನ್ಯಾಯದ ಬಾಗಿಲು ಕಾಯುವವರಿಗೆ ತಮ್ಮ ಮನೆಯೊಳಗೇ ಅದು ಸಿಗದಿದ್ದದ್ದಕ್ಕೆ ಕಾನೂನು ಬೆಳೆಯಿತು ಎನ್ನಬೇಕು.

ದಾರಿ ತಪ್ಪುವುದು ಎಲ್ಲಿ? ನನ್ನ ಕಕ್ಷಿದಾರರ ಕಡತವನ್ನು ಬಿಚ್ಚಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಒಂದು ಅರ್ಜಿ. ಆ ದಿನ ತಲೆ ಸುತ್ತಿ ಬಿದ್ದ ಕಾನ್‌ಸ್ಟೆಬಲ್‌ನನ್ನು ಸಾಕ್ಷಿಯಾಗಿ ಕರೆಸಿ ಎಂದು ಅವರೇ ಕೈಬರಹದಲ್ಲಿ ಕೊಟ್ಟಿದ್ದರು. ಅದರ ಅಂಚಿನಲ್ಲಿ ವಿಚಾರಣಾಧಿಕಾರಿಗಳ ಒಂದೇ ಪದ: ‘ಅವಶ್ಯವಿಲ್ಲ.’ ಇಡೀ ಪ್ರಕರಣದಲ್ಲಿ ಸತ್ಯ ಹೇಳಬಲ್ಲ ಒಬ್ಬನೇ ಒಬ್ಬ ಮನುಷ್ಯ ಅವಶ್ಯವಿಲ್ಲ! ಆ ಕಾಗದ ನೋಡಿದ ಕ್ಷಣವೇ ಈ ಕೇಸು ನಿಲ್ಲುತ್ತದೆ ಎನ್ನಿಸಿತು. 1999ರಲ್ಲಿ ವರದಿಯಾದ ದೆಹಲಿಯ ಕಾನ್‌ಸ್ಟೆಬಲ್ ಕುಲದೀಪ್ ಸಿಂಗ್ ಪ್ರಕರಣದಲ್ಲಿ ದೂರು ಕೊಟ್ಟ ಕೂಲಿಕಾರರನ್ನು ವಿಚಾರಣೆಗೆ ಕರೆಸಿಯೇ ಇರಲಿಲ್ಲ. ಅವರು ಮೊದಲು ಕೊಟ್ಟಿದ್ದರೆನ್ನಲಾದ ಹೇಳಿಕೆಯನ್ನೇ ಸಾಕ್ಷ್ಯವೆಂದು ಹಿಡಿದು ಮನೆಗೆ ಕಳಿಸಿದ್ದರು. ಸಾಕ್ಷ್ಯವನ್ನು ತೂಗುವುದಿಲ್ಲ ಎನ್ನುವ ಅದೇ ಸುಪ್ರೀಂ ಕೋರ್ಟ್, ಸಾಕ್ಷ್ಯವೇ ಇಲ್ಲದೆ ಬಂದ ತೀರ್ಮಾನ ತೀರ್ಮಾನವೇ ಅಲ್ಲ ಎಂದು ಅದನ್ನು ಹೊಡೆದುಹಾಕಿತು.

ಎರಡನೆಯದು ಪ್ರಶ್ನೋತ್ತರದ ಹಾಳೆಗಳು. ಇಲಾಖೆಯ ಪರ ಮಂಡನಾಧಿಕಾರಿ ಇರಬೇಕಾದ ಕಡೆ ವಿಚಾರಣಾಧಿಕಾರಿಗಳೇ ಪ್ರಶ್ನೆ ಕೇಳಿ, ಪಾಟೀಸವಾಲು ಮಾಡಿ, ಕೊನೆಗೆ ತಾವೇ ವರದಿ ಬರೆದಿದ್ದರು. ಇದಕ್ಕೆ ಹಳೆಯ, ಇನ್ನೂ ಘೋರವಾದ ಉದಾಹರಣೆ 1958ರ ಮೊಹಮ್ಮದ್ ನೂಹ್ ಪ್ರಕರಣ. ಉತ್ತರ ಪ್ರದೇಶದ ಒಬ್ಬ ಪೊಲೀಸಿನವರ ವಿಚಾರಣೆ ನಡೆಸುತ್ತಿದ್ದ ಅಧಿಕಾರಿ, ಸಾಕ್ಷಿ ಉಲ್ಟಾ ಹೊಡೆದ ಎಂದು ಪೀಠದಿಂದ ಇಳಿದು ತಾವೇ ಸಾಕ್ಷಿ ನುಡಿದು, ಮತ್ತೆ ಹೋಗಿ ಪೀಠದ ಮೇಲೆ ಕುಳಿತು ತೀರ್ಪು ಕೊಟ್ಟರು. ಸುಪ್ರೀಂ ಕೋರ್ಟ್ ಅದನ್ನು ಕಟುವಾಗಿ ಖಂಡಿಸಿತು. ಆದರೂ ಆ ಮನುಷ್ಯ ಸೋತರು! ವಜಾ ಆದೇಶ ಆಗಿದ್ದು 1948ರಲ್ಲಿ, ಸಂವಿಧಾನ ಬಂದದ್ದು 1950ರಲ್ಲಿ. ಇಂಥ ಆದೇಶ ರದ್ದು ಮಾಡಲು ಸಂವಿಧಾನದ 226ನೇ ವಿಧಿ ಹೈಕೋರ್ಟಿಗೆ ಕೊಟ್ಟ ಅಧಿಕಾರ ಹಿಂದಕ್ಕೆ ಹೋಗುವುದಿಲ್ಲ ಎಂದಾಯಿತು. ಇಂಥ ತೀರ್ಪು ಓದಿದ ದಿನ ನನಗೆ ಊಟ ರುಚಿಸುವುದಿಲ್ಲ.

ಮೂರನೆಯದು, ಹಳೆಯ ಮೆಮೊಗಳು. ವಿಚಾರಣಾಧಿಕಾರಿಯ ವರದಿ ಓದಿದರೆ ಇನ್‌ಕ್ರಿಮೆಂಟ್ ತಡೆಗೆ ಸಾಕಾಗುವಷ್ಟು ಮಾತ್ರ ಇತ್ತು. ಅಂತಿಮ ಆದೇಶದಲ್ಲಿ ಮಾತ್ರ ‘ಸದರಿಯವರ ಹಿಂದಿನ ನಡತೆಯನ್ನೂ ಗಮನಿಸಲಾಗಿ’ ಎಂಬ ಸಾಲು ನುಸುಳಿ ಹಿಂಬಡ್ತಿ ಆಗಿತ್ತು. ಹಿಂದಿನ ನಡತೆ ಎಂದರೆ ಎಂದೋ ಕೊಟ್ಟ ಎರಡು ಮೆಮೊ. ಅವನ್ನು ಆರೋಪ ಪಟ್ಟಿಯಲ್ಲಿ ಹೇಳಿರಲಿಲ್ಲ, ಕಾರಣ ಕೇಳಿದ ನೋಟಿಸಿನಲ್ಲೂ ಇರಲಿಲ್ಲ. ಇಲ್ಲಿ ನನ್ನ ಕೈಗೆ ಸಿಕ್ಕ ಆಯುಧ ಮೈಸೂರು ರಾಜ್ಯದ್ದೇ: 1964ರಲ್ಲಿ ವರದಿಯಾದ ಮೈಸೂರು ರಾಜ್ಯ ವಿರುದ್ಧ ಮಂಚೇಗೌಡ. ಮಂಡ್ಯದ ಕಿವಿಗೆ ಮನೆಯದೆನ್ನಿಸುವ ಹೆಸರು. ಅವರು ಪೊಲೀಸರಲ್ಲ, ಅಭಿವೃದ್ಧಿ ಇಲಾಖೆಯಲ್ಲಿದ್ದ ಅಧಿಕಾರಿ. ವಿಚಾರಣಾಧಿಕಾರಿ ಹಿಂಬಡ್ತಿ ಸಾಕು ಎಂದಿದ್ದರು. ಸರ್ಕಾರ ಅವರ ಹಿಂದಿನ ದಾಖಲೆ ತೆಗೆದು ವಜಾ ಮಾಡಿತು. ಹಿಂದಿನದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಾದರೆ ಮೊದಲೇ ತಿಳಿಸಿ ಉತ್ತರ ಕೇಳಬೇಕಿತ್ತು, ಬೆನ್ನ ಹಿಂದೆ ತೂಗುವಂತಿಲ್ಲ ಎಂದು ಹೇಳಿ, ಹೈಕೋರ್ಟ್ ಅದನ್ನು ರದ್ದು ಮಾಡಿದ್ದನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅರವತ್ತು ವರ್ಷ ಕಳೆದರೂ ‘ಹಿಂದಿನ ನಡತೆಯನ್ನೂ ಗಮನಿಸಲಾಗಿ’ ಎಂಬ ಸಾಲು ನಮ್ಮ ಕಚೇರಿಗಳ ಟೈಪು ಮಾಡುವವರ ಬೆರಳಿನಿಂದ ಹೋಗಿಲ್ಲ.

ವಿಚಾರಣಾ ವರದಿಯ ನಕಲನ್ನು ನೌಕರನಿಗೆ ಕೊಡದಿರುವುದು ಈಚೆಗೆ ಕಡಿಮೆಯಾಗಿದೆ. 1993ರ ಕರುಣಾಕರ್ ತೀರ್ಪಿನ ಮೇಲೆ ಎಲ್ಲರೂ ಕೊಡುತ್ತಾರೆ. ಅಮಾನತಿನಲ್ಲಿರುವವರಿಗೆ ಜೀವನಾಧಾರ ಭತ್ಯೆ ತಡೆಹಿಡಿಯುವುದು ಮಾತ್ರ ಈಗಲೂ ಅಲ್ಲಲ್ಲಿ ಇದೆ. ಹಾಗೆ ಮಾಡುವವರು ಕೋಲಾರದ ಚಿನ್ನದ ಗಣಿಯ ಪಾಲ್ ಆಂಥೋನಿ ಪ್ರಕರಣ ಓದಬೇಕು. ಗಣಿಯ ಭದ್ರತಾ ಅಧಿಕಾರಿಯ ಮನೆಯಲ್ಲಿ ನಾಲ್ಕೂವರೆ ಗ್ರಾಂ ತೂಕದ ಚಿನ್ನದ ಗುಂಡು ಸಿಕ್ಕಿತೆಂದು ಅಮಾನತು ಮಾಡಿದರು, ಭತ್ಯೆ ಕೊಡಲಿಲ್ಲ. ವಿಚಾರಣೆಗೆ ಬಂದು ಹೋಗಲು ಕೈಯಲ್ಲಿ ಕಾಸಿಲ್ಲದೆ ಅವರು ಬರಲಿಲ್ಲ; ಬರಲಿಲ್ಲವೆಂದು ಏಕಪಕ್ಷೀಯವಾಗಿ ವಜಾ. ಹೊಟ್ಟೆಗೆ ಕೊಡದೆ ವಿಚಾರಣೆಗೆ ಬಾ ಎನ್ನುವುದು ಅವಕಾಶ ಕೊಟ್ಟ ಹಾಗಲ್ಲ ಎಂದು 1999ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮರಳಿ ಸೇವೆಗೆ ಸೇರಿಸಿತು.

ಇನ್ನು ಶಿಕ್ಷೆಯ ಪ್ರಮಾಣ. ತಪ್ಪು ಸಾಬೀತಾದ ಮೇಲೆ ಎಷ್ಟು ಶಿಕ್ಷೆ ಎಂಬುದು ಇಲಾಖೆಗೆ ಬಿಟ್ಟದ್ದು. ನ್ಯಾಯಾಲಯದ ಆತ್ಮಸಾಕ್ಷಿಗೆ ಆಘಾತವಾಗುವಷ್ಟು ಹೆಚ್ಚಾದರೆ ಮಾತ್ರ ಅದು ಕೈಹಾಕುತ್ತದೆ, ಆಗಲೂ ಸಾಮಾನ್ಯವಾಗಿ ಇಲಾಖೆಗೇ ವಾಪಸ್ ಕಳಿಸುತ್ತದೆ. ವ್ಯಾಜ್ಯ ಲಂಬಿಸಬಾರದೆಂದು ಅಪರೂಪಕ್ಕೆ ತಾನೇ ಶಿಕ್ಷೆ ತಗ್ಗಿಸಬಹುದು. ಇದು 1995ರ ಚತುರ್ವೇದಿ ತೀರ್ಪಿನ ಸಾರ. ಯಾರ ಆತ್ಮಸಾಕ್ಷಿ, ಎಷ್ಟು ಆಘಾತ ಎಂದು ಕೇಳಿದರೆ ಉತ್ತರ ಪೀಠದಿಂದ ಪೀಠಕ್ಕೆ ಬದಲಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಪಂಜಾಬಿನ ಗನ್‌ಮ್ಯಾನ್ ಒಬ್ಬ ಸರ್ವಿಸ್ ರಿವಾಲ್ವರ್ ಸಮೇತ ಕುಡಿದು ಬಸ್ ನಿಲ್ದಾಣದಲ್ಲಿ ಅಲೆಯುತ್ತಿದ್ದದ್ದು ಒಂದೇ ಸಲ; 1992ರಲ್ಲಿ ವಜಾ ಸರಿ ಎಂದಾಯಿತು, ನಾನೂ ಸರಿ ಎನ್ನುತ್ತೇನೆ. ಬಿದ್ದವನನ್ನು ಎತ್ತಿಕೊಂಡು ಹೋದವರಿಗೆ ಐವತ್ತು ನಿಮಿಷಕ್ಕೆ ಮೂರು ವರ್ಷ ಎಂದರೆ ಬೇರೆ.

ಹಿಂಬಡ್ತಿಗೇ ಸೇರಿದ ಒಂದು ನಿಯಮವನ್ನು ವಿದ್ಯಾರ್ಥಿಗಳು ಬರೆದುಕೊಳ್ಳಿ. ಯಾವ ಹುದ್ದೆಗೆ ನೇರ ನೇಮಕವಾದರೋ ಅದಕ್ಕಿಂತ ಕೆಳಗಿನ ಹುದ್ದೆಗೆ ಯಾರನ್ನೂ ಇಳಿಸುವಂತಿಲ್ಲ. ಇದು 1988ರ ನ್ಯಾದರ್ ಸಿಂಗ್ ತೀರ್ಪು. ಕಾನ್‌ಸ್ಟೆಬಲ್ ಆಗಿ ಸೇರಿ ಹೆಡ್ ಕಾನ್‌ಸ್ಟೆಬಲ್ ಆದವರನ್ನು ಕಾನ್‌ಸ್ಟೆಬಲ್ ಮಾಡಬಹುದು. ನೇರವಾಗಿ ಪಿಎಸ್‌ಐ ಆದವರನ್ನು ಎಎಸ್‌ಐ ಮಾಡುವಂತಿಲ್ಲ. ಇನ್ನು, ಪ್ರಭಾರದಲ್ಲಿ ಮೇಲಿನ ಹುದ್ದೆ ನೋಡಿಕೊಳ್ಳುತ್ತಿದ್ದವರನ್ನು ಮೂಲ ಹುದ್ದೆಗೆ ಕಳಿಸಿದರೆ ಅದೆಲ್ಲವೂ ಶಿಕ್ಷೆಯಲ್ಲ. ಸಂಬಳ, ಹಿರಿತನ, ಮುಂದಿನ ಬಡ್ತಿಗೆ ಕಳಂಕ ತಟ್ಟಿದೆಯೇ ನೋಡಬೇಕು. 1958ರ ಧಿಂಗ್ರಾ ತೀರ್ಪಿನಿಂದ ಇದೇ ಅಳತೆ.

ನಮ್ಮ ಪ್ರಕರಣ ಕರ್ನಾಟಕ ಆಡಳಿತ ನ್ಯಾಯಮಂಡಳಿಗೆ ಹೋಯಿತು. ಎಲ್ಲರೂ ಕೆಎಟಿ ಎನ್ನುತ್ತೇವೆ. 1985ರ ಕಾಯ್ದೆಯಂತೆ ಹುಟ್ಟಿದ ಮಂಡಳಿ. ಬೆಳಗಾವಿ, ಕಲಬುರಗಿಗಳಲ್ಲಿ ಪೀಠಗಳಿದ್ದರೂ ಮೈಸೂರು, ಮಂಡ್ಯದವರು ಬೆಂಗಳೂರಿಗೇ ಹೋಗಬೇಕು. ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಎಷ್ಟು ಸಲ ಒಟ್ಟಿಗೆ ಹೋದೆವೋ. ಮದ್ದೂರು ಬಂದರೆ ಅವರು ಎರಡು ವಡೆ ಕೊಂಡು ನನಗೊಂದು ಕೊಡುತ್ತಿದ್ದರು. ಕೇಸಿನ ಮಾತು ಮಾತ್ರ ರಾಮನಗರ ದಾಟುವತನಕ ಎತ್ತುತ್ತಿರಲಿಲ್ಲ. ಕೆಎಟಿ ತೀರ್ಪಿನ ಮೇಲೆ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗುವ ಕಾಲವಿತ್ತು. 1997ರ ಚಂದ್ರಕುಮಾರ್ ತೀರ್ಪಿನ ನಂತರ ನಡುವೆ ಹೈಕೋರ್ಟಿನ ವಿಭಾಗೀಯ ಪೀಠ ಬಂತು. ಬಡವನಿಗೆ ಅದು ಒಳ್ಳೆಯದೇ, ಒಂದು ಮೆಟ್ಟಿಲು ಹೆಚ್ಚಾಯಿತು ಎಂಬುದೊಂದು ಬಿಟ್ಟರೆ.

ನಾಲ್ಕು ವರ್ಷ ಹಿಡಿಯಿತು. ಹಿಂಬಡ್ತಿ ರದ್ದಾಯಿತು. ಮೆಮೊಗೆ ಬರೆದ ಆ ವಾಕ್ಯಕ್ಕೆ ವಾಗ್ದಂಡನೆ ಉಳಿಯಿತು. ‘ತತ್ಪರಿಣಾಮದ ಎಲ್ಲ ಸೌಲಭ್ಯಗಳೊಂದಿಗೆ’ ಎಂಬ ಸಾಲೂ ಇತ್ತು. ಶಿಕ್ಷೆಯ ಮೂರು ವರ್ಷ ಅಷ್ಟರಲ್ಲಿ ಮುಗಿದೇ ಹೋಗಿತ್ತು. ಪಟ್ಟೆ ಅದಾಗಲೇ ವಾಪಸ್ ಬಂದಿತ್ತು. ಗೆದ್ದದ್ದು ಏನನ್ನು?

ಈಗ ಪರಿಹಾರದ ಮಾತು. ಹೀಗೆ ಅನ್ಯಾಯವಾಗಿ ಇಳಿಸಿದ್ದಕ್ಕೆ ಎಷ್ಟು ದುಡ್ಡು ಬರುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಖಾಸಗಿ ನೌಕರಿಯಲ್ಲಾದರೆ ಸಂಬಂಧ ಕರಾರಿನದು. ಕರಾರು ಮುರಿದರೆ ನಷ್ಟ ಕಟ್ಟಿಕೊಡು, ಮತ್ತೆ ಕೆಲಸಕ್ಕೆ ಇಟ್ಟುಕೊಳ್ಳಲೇಬೇಕೆಂದಿಲ್ಲ. ಸರ್ಕಾರಿ ನೌಕರನದು ಕರಾರಲ್ಲ, ಸ್ಥಾನ. 1973ರಲ್ಲಿ ಶಿರಸಿ ಪುರಸಭೆಯ ಮಹಿಳಾ ನೌಕರರೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವ್ಯತ್ಯಾಸವನ್ನು ಬಿಡಿಸಿ ಹೇಳಿದೆ: ಶಾಸನದ ನಿಯಮ ಮುರಿದು ತೆಗೆದುಹಾಕಿದರೆ ಆ ಆದೇಶ ಹುಟ್ಟಲೇ ಇಲ್ಲ, ನೌಕರಿ ಹೋಗಲೇ ಇಲ್ಲ. ಹಾಗೆ ನೋಡಿದರೆ ನನ್ನ ಕಕ್ಷಿದಾರರು ಆ ಮೂರು ವರ್ಷವೂ ಹೆಡ್ ಕಾನ್‌ಸ್ಟೆಬಲ್ಲೇ ಆಗಿದ್ದರು. ಕಾನೂನಿನ ಕಣ್ಣಿಗೆ ಪಟ್ಟೆ ಬಿಚ್ಚಲೇ ಇಲ್ಲ. ಬಿಚ್ಚದ ಪಟ್ಟೆಗೆ ಪರಿಹಾರ ಎಲ್ಲಿಂದ ಬರಬೇಕು? ಬರುವುದು ಸಂಬಳದ ವ್ಯತ್ಯಾಸ. ತಿಂಗಳಿಗೆ 2,800 ರೂಪಾಯಿ ಎಂದಿಟ್ಟುಕೊಳ್ಳಿ; ಮೂವತ್ತಾರು ತಿಂಗಳಿಗೆ 1,00,800. ಬಡ್ಡಿ ಆದೇಶದಲ್ಲಿ ಬರೆದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಇದು ನಮ್ಮ ಕಾನೂನಿನ ಚಮತ್ಕಾರವೂ ಹೌದು, ಮೋಸವೂ ಹೌದು. ಎವಾನ್ಸ್‌ಗೆ ಸಿಗದ ನೌಕರಿಯೇ ನಮ್ಮವರಿಗೆ ವಾಪಸ್ ಸಿಗುತ್ತದೆ, ಅದು ದೊಡ್ಡದು. ಆದರೆ ಆದೇಶ ಹುಟ್ಟಲೇ ಇಲ್ಲ ಎಂದು ಒಪ್ಪಿಕೊಂಡ ಕೂಡಲೇ ಅದು ಮಾಡಿದ ಗಾಯವೂ ಆಗಲಿಲ್ಲ ಎಂದಾಗುತ್ತದೆ. ಆ ನಡುವೆ ಅವರ ಮಗಳ ಮದುವೆ ಆಯಿತು. ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ ತಂದೆಯ ಹೆಸರಿನ ಪಕ್ಕ ಹುದ್ದೆ ಹಾಕಿಸುವ ರೂಢಿ. ಹೆಚ್‌ಸಿ ಎಂದು ಹಾಕಿದರೆ ಸುಳ್ಳು, ಪಿಸಿ ಎಂದು ಹಾಕಿದರೆ ಬೀಗರು ಕೇಳುತ್ತಾರೆ. ಬರಿಯ ಹೆಸರು ಹಾಕಿಸಿದರು. ಆ ಖಾಲಿ ಜಾಗಕ್ಕೆ ಯಾವ ಲೆಕ್ಕ ಶಾಖೆಯಲ್ಲೂ ಶೀರ್ಷಿಕೆಯಿಲ್ಲ.

ಬಡ್ತಿಯೂ ಹಾಗೆಯೇ. ಆ ಮೂರು ವರ್ಷದಲ್ಲಿ ಕಿರಿಯರು ಎಎಸ್‌ಐ ಆದರು. ಇವರಿಗೆ ಹಿಂದಿನ ದಿನಾಂಕದಿಂದ ಬಡ್ತಿ ಕೊಟ್ಟರು, ಕಾಲ್ಪನಿಕ ಎಂಬ ಪದ ಸೇರಿಸಿ. ಅಂದರೆ ಹಿರಿತನಕ್ಕೆ, ಪಿಂಚಣಿಗೆ ಲೆಕ್ಕ. ಬಾಕಿ ಸಂಬಳ ಇಲ್ಲ, ಆ ಹುದ್ದೆಯಲ್ಲಿ ಕೆಲಸ ಮಾಡಿಲ್ಲವಲ್ಲ. ಕೆಲಸ ಮಾಡಲು ಸಿದ್ಧನಿದ್ದವನನ್ನು ತಾನೇ ತಡೆದು ಆಮೇಲೆ ‘ಕೆಲಸವಿಲ್ಲ, ಕೂಲಿಯಿಲ್ಲ’ ಎನ್ನಬಾರದು ಎಂದು 1991ರ ಜಾನಕಿರಾಮನ್ ತೀರ್ಪಿನಲ್ಲಿದೆ. ಅದನ್ನು ಹಿಡಿದು ಮತ್ತೆ ಅರ್ಜಿ ಹಾಕಬಹುದಿತ್ತು. ‘ಸಾಕು ಸಾರ್, ಇನ್ನೊಂದು ನಾಲ್ಕು ವರ್ಷ ಆ ರೈಲು ಹತ್ತಲಾರೆ’ ಎಂದರು. ನಾನು ಒತ್ತಾಯಿಸಲಿಲ್ಲ. ಒತ್ತಾಯಿಸಬೇಕಾಗಿತ್ತೇನೋ ಎಂದು ಈಗಲೂ ಕೆಲವು ಸಲ ಅನ್ನಿಸುತ್ತದೆ.

ನೋವಿಗೆ, ಮಾನಹಾನಿಗೆ ದುಡ್ಡು ಕಟ್ಟಿಸುವ ಶಕ್ತಿ ನಮ್ಮ ದೊಡ್ಡ ನ್ಯಾಯಾಲಯಗಳಿಗೆ ಇಲ್ಲವೆಂದಲ್ಲ. ಬಿಡುಗಡೆಯ ತೀರ್ಪು ಬಂದ ಮೇಲೂ ಹದಿನಾಲ್ಕು ವರ್ಷ ಬಿಹಾರದ ಜೈಲಿನಲ್ಲಿ ಕೊಳೆತ ರುದುಲ್ ಸಾಹ್‌ಗೆ 1983ರಲ್ಲಿ ಒಟ್ಟು 35,000 ರೂಪಾಯಿ ಕೊಡಿಸಿದ್ದು ಅದರ ಆರಂಭ. 2018ರಲ್ಲಿ ಇಸ್ರೊ ವಿಜ್ಞಾನಿ ನಂಬಿ ನಾರಾಯಣನ್ ಅವರಿಗೆ 50 ಲಕ್ಷ ರೂಪಾಯಿ ಕೊಡಿಸಿದರು. ಆದರೆ ಅವೆಲ್ಲ ಜೈಲು, ಬಂಧನ, ಜೀವ ಮತ್ತು ಸ್ವಾತಂತ್ರ್ಯದ 21ನೇ ವಿಧಿಯ ಪ್ರಕರಣಗಳು. ಸೇವಾ ವ್ಯಾಜ್ಯದಲ್ಲಿ ಅಷ್ಟು ದೂರ ಹೋಗಲು ನ್ಯಾಯಮಂಡಳಿಗಳು ಹಿಂಜರಿಯುತ್ತವೆ. ಒಬ್ಬರಿಗೆ ಕೊಟ್ಟರೆ ಪ್ರತಿ ತಿಂಗಳ ಪಟ್ಟಿಯಲ್ಲೂ ಕೇಳುವವರು ಇರುತ್ತಾರೆಂಬ ಭಯ. ಕೇಳಲಿ ಎಂಬುದು ನನ್ನ ಅಭಿಪ್ರಾಯ. ಒಂದು ವಾಕ್ಯದ ಸಿಟ್ಟಿಗೆ ಮೂರು ವರ್ಷ ಇಳಿಸಿದವರ ಕಡತಕ್ಕೆ ಒಂದು ಲಕ್ಷ ರೂಪಾಯಿ ಪರಿಹಾರದ ಆದೇಶ ಅಂಟಿಕೊಂಡರೆ, ಮುಂದಿನ ಆದೇಶಕ್ಕೆ ರುಜು ಹಾಕುವ ಮೊದಲು ಒಂದು ಸಲ ಸಾಕ್ಷಿಯನ್ನು ಕರೆಸಿಯಾರು.

ಪ್ರಶ್ನೆಗಳಿಗೆ ಬಂದಾಗ ಒಬ್ಬ ವಿದ್ಯಾರ್ಥಿ ಆ ಅಧಿಕಾರಿಯ ಜೇಬಿನಿಂದಲೇ ಕಟ್ಟಿಸಬಾರದೇ ಎಂದು ಕೇಳಿದ. ಕಟ್ಟಿಸಬಹುದೆಂದು ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆಯಪ್ಪಾ. ಗ್ರಾಹಕರೊಬ್ಬರಿಗೆ ಕಿರುಕುಳ ಕೊಟ್ಟ ವಿಷಯ ಅದು. ನಮ್ಮಲ್ಲಿ ಅದಕ್ಕೆ ದುರುದ್ದೇಶ ಸಾಬೀತಾಗಬೇಕು, ಆ ಅಧಿಕಾರಿಯನ್ನು ಹೆಸರಿನಿಂದ ಕಕ್ಷಿಯಾಗಿ ಸೇರಿಸಬೇಕು. ಇನ್ನೂ ಇಲಾಖೆಯೊಳಗೇ ಹತ್ತು ವರ್ಷ ನೌಕರಿ ಉಳಿದಿರುವವರು ಅದಕ್ಕೆ ಹೂಂ ಎನ್ನುವುದು ನಾನು ಒಂದೇ ಸಲ ನೋಡಿದ್ದೇನೆ.

ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು, ‘ನಮ್ಮ ಯಜಮಾನರು ಮೇಲ್ಮನವಿ ಹಾಕಿ ಎಂಟು ತಿಂಗಳಾಯಿತು, ಇನ್ನೂ ಏನೂ ಉತ್ತರ ಬಂದಿಲ್ಲ, ಕಾಯಬೇಕಾ’ ಎಂದು ಕೇಳಿದರು. ಕಾಯಬೇಡಿ ಅಮ್ಮ. ಇಲಾಖೆಯೊಳಗಿನ ಮೇಲ್ಮನವಿಗೆ ಆರು ತಿಂಗಳು ಕಳೆದರೂ ಆದೇಶ ಬಾರದಿದ್ದರೆ ಅಲ್ಲಿಂದ ಒಂದು ವರ್ಷದೊಳಗೆ ಕೆಎಟಿಗೆ ಹೋಗಬಹುದು. ಜ್ಞಾಪನ ಪತ್ರಗಳನ್ನು ಕಳಿಸುತ್ತಾ ಕುಳಿತರೆ ಆ ವರ್ಷವೂ ಜಾರುತ್ತದೆ. ಎಷ್ಟು ಜ್ಞಾಪನ ಕಳಿಸಿದರೂ ಗಡುವು ಮುಂದಕ್ಕೆ ಹೋಗುವುದಿಲ್ಲ. ಆದೇಶ ಬಂದ ಲಕೋಟೆಯನ್ನೂ ಎಸೆಯಬೇಡಿ, ಅಂಚೆ ಮುದ್ರೆ ಅದರ ಮೇಲೇ ಇರುತ್ತದೆ.

ಕೊನೆಗೆ ನಿವೃತ್ತ ಎಎಸ್‌ಐ ಒಬ್ಬರು, ಗೆದ್ದ ಮೇಲೆ ಸೇವಾ ಪುಸ್ತಕದಿಂದ ಹಿಂಬಡ್ತಿಯ ನಮೂದನ್ನು ಅಳಿಸುತ್ತಾರೆಯೇ ಎಂದರು. ಅಳಿಸುವುದಿಲ್ಲ. ಅದರ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಕೆಎಟಿ ಅರ್ಜಿ ಸಂಖ್ಯೆ ಬರೆದು ರದ್ದಾಗಿದೆ ಎಂದು ಹಾಕುತ್ತಾರೆ. ನನ್ನ ಕಕ್ಷಿದಾರರು ಅದನ್ನು ನೋಡಲೆಂದೇ ಒಂದು ದಿನ ರಜೆ ಹಾಕಿ ಕಚೇರಿಗೆ ಹೋಗಿದ್ದರು. ಗುಮಾಸ್ತರು ಅರ್ಜಿ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪು ಬರೆದಿದ್ದರು. ಎದುರಿಗೆ ಕುಳಿತು, ತಿದ್ದಿಸಿ, ರುಜು ಹಾಕಿಸಿಕೊಂಡೇ ಎದ್ದರಂತೆ.